ಊಟ ಆತೇನವ್ವಾ

ಮೂರೂ ಹಸಿರಾಗಿಯೇ ಇದ್ದವು. ಬೆಳಿಗ್ಗೆ ಬಂದಾಗಿನಿಂದ ಬಸವಂತ ಪರದೆಯ ಮೇಲಿನ ಆ ಮೂರು ಚುಕ್ಕೆಗಳನ್ನೇ ನೋಡುತ್ತಿದ್ದ. ಮೂರು ಸರ್ವರು, ಮೂರು ಚುಕ್ಕೆ. ಹಸಿರಾಗಿದ್ದರೆ ಜೀವವಿದೆ, ಕೆಂಪಾದರೆ ಇಲ್ಲ. ಲೋಕದಲ್ಲಿ ಇದಕ್ಕಿಂತ ಸುಲಭದ ಭವಿಷ್ಯ ಹೇಳುವ ವಿದ್ಯೆ ಇರಲಾರದು ಎಂದು ಅವನೇ ಒಮ್ಮೆ ಜಂಬದಿಂದ ಹೇಳಿದ್ದ. ಆದರೆ ಗಾಜಿನ ಗೋಡೆಯ ಆಚೆ ರಿಸೆಪ್ಷನ್ನಿನ ಶಿಲ್ಪಶ್ರೀ ಒಂದು ಫೋನು ಇಡುವಷ್ಟರಲ್ಲಿ ಇನ್ನೊಂದು ಹೊಡೆದುಕೊಳ್ಳುತ್ತಿತ್ತು. ‘ಹೌದು ಸಾರ್, ಬಿಳೀ ಪೇಜ್ ಬರ್ತಿದೆ ಅಂತ ಗೊತ್ತಾಗಿದೆ ಸಾರ್. ನೋಡ್ತಿದಾರೆ ಸಾರ್, ಅದನ್ನೇ ನೋಡ್ತಿದಾರೆ.’ ನೋಡುತ್ತಿರುವವನು ತಾನು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸೀರೆ ಅಂಗಡಿಯ ಮೇಲಿನ ಈ ಸಣ್ಣ ಆಫೀಸು ಒಂದಷ್ಟು ಖಾಸಗಿ ಬಸ್ಸಿನವರಿಗೆ ಇಂಟರ್‌ನೆಟ್ಟಿನಲ್ಲಿ ಸೀಟು ಬುಕ್ ಮಾಡುವ ಸೈಟು ನಡೆಸುತ್ತಿತ್ತು. ದಸರೆ ಹತ್ತಿರವಾಗಿತ್ತು. ಬಾಗಲಕೋಟೆಗೆ, ವಿಜಾಪುರಕ್ಕೆ, ರಾಯಚೂರಿಗೆ ಹೋಗಬೇಕಾದವರು ಬಟನ್ ಒತ್ತಿ ಕಾಯುತ್ತಿದ್ದರು, ಮತ್ತು ಅವರ ಮುಂದೆ ಬಿಳಿಯ ಹಾಳೆಯೊಂದು ತೆರೆದುಕೊಳ್ಳುತ್ತಿತ್ತು. ತನ್ನ ಕಡೆಯವರೇ ಎಲ್ಲ. ಅವರಲ್ಲಿ ಯಾರಿಗೂ ತನ್ನ ಹೆಸರು ಗೊತ್ತಿಲ್ಲವಲ್ಲ ಎಂದು ಬಸವಂತನಿಗೆ ಕೊಂಚ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

‘ಎಲ್ಲಾ ಗ್ರೀನೇ ಇದೆಯಲ್ರೀ ಬಸವಂತ್?’ ಕೈಲಾಸ್ ಹಿಂದೆ ಬಂದು ನಿಂತಿದ್ದ. ಕಂಪನಿಯ ಯಜಮಾನ; ಬಸವಂತನಿಗಿಂತ ಎರಡು ವರ್ಷ ಚಿಕ್ಕವನಿದ್ದರೂ ಇದ್ದಾನು. ‘ಹೌದು ಸಾರ್, ಮೂರೂ ಓಕೆ ಇವೆ. ಜನರ ಕಡೆ ನೆಟ್ ಸ್ಲೋ ಇರಬಹುದು.’ ಬಾಯಿಂದ ಬಂದ ಮೇಲೆ ಆ ಮಾತು ಅವನಿಗೇ ಹಿಡಿಸಲಿಲ್ಲ. ಊರಿನ ಜನರಿಗೆಲ್ಲ ಒಂದೇ ದಿನ ನೆಟ್ ಸ್ಲೋ ಆಗುತ್ತದೆಯೇ? ಆದರೂ ಕೈಲಾಸ್ ತಲೆಯಾಡಿಸಿದ. ಚುಕ್ಕೆ ಹಸಿರಾಗಿದ್ದರೆ ಯಾರಾದರೂ ತಲೆಯಾಡಿಸುತ್ತಾರೆ. ಒಂದು ಕಾಲದಲ್ಲಿ ಮೂರನೆಯದು ದಿನಕ್ಕೆ ನಾಲ್ಕು ಸಲ ಕೆಂಪಾಗುತ್ತಿತ್ತು. ಆಗ ಪ್ರತಿ ಸರ್ವರಿನಲ್ಲೂ ಒಂದು ಸಣ್ಣ ಪುಟ ಇತ್ತು. ಬಂದ ಜನರನ್ನು ಮೂರು ಸರ್ವರಿಗೂ ಹಂಚುವ ಲೋಡ್ ಬ್ಯಾಲೆನ್ಸರು ಬಂದು ತಟ್ಟಿದಾಗಲೆಲ್ಲ ಆ ಪುಟ ಒಳಗಿನ ಡೇಟಾಬೇಸಿಗೆ ಹೋಗಿ ಏನಾದರೊಂದು ಕೇಳಿಕೊಂಡು ಬಂದು, ಉತ್ತರ ಸಿಕ್ಕರೆ ಮಾತ್ರ ‘ಓಕೆ’ ಅನ್ನುತ್ತಿತ್ತು. ಸ್ವಲ್ಪ ತಡವಾದರೂ ಕೆಂಪು, ಕೆಂಪಾದ ಕೂಡಲೇ ಕೈಲಾಸನ ಮೊಬೈಲಿಗೆ ಮೆಸೇಜು. ಬಸ್ಸಿನವರ ಜೊತೆ ಮೀಟಿಂಗ್ ನಡೆಯುತ್ತಿದ್ದಾಗ ಆ ಮೊಬೈಲು ಟಿಣ್ ಟಿಣ್ ಎಂದು ಬಡಿದುಕೊಂಡು, ಕೈಲಾಸ್ ಬಾಗಿಲು ತೆರೆದು ಎಲ್ಲರ ಮುಂದೆ ಕೇಳಿದ್ದ: ‘ಏನ್ರೀ ಬಸವಂತ್, ನಿಮ್ ಸರ್ವರ್ ಯಾವಾಗ್ ನೋಡಿದ್ರೂ ಅಳ್ತಾನೇ ಇರುತ್ತಾ? ಸುಮ್ನಿರ್ಸೋಕೆ ಬರಲ್ವಾ ನಿಮಗೆ?’ ಒಳಗಿದ್ದವರೆಲ್ಲ ನಕ್ಕರು. ಬಸವಂತನೂ ನಕ್ಕ. ಕಿವಿ ಮಾತ್ರ ಸುಡುತ್ತಿತ್ತು. ಆ ಮಧ್ಯಾಹ್ನವೇ ಅವನು ಮೂರೂ ಸರ್ವರುಗಳಲ್ಲಿ ಹಳೆಯ ಪುಟ ತೆಗೆದು ಹೊಸದೊಂದು ಇಟ್ಟ. ಅದರಲ್ಲಿ ಇದ್ದದ್ದು ‘ಓಕೆ’ ಎಂಬ ಎರಡು ಅಕ್ಷರ ಮಾತ್ರ. ಯಾರು ಬಂದು ತಟ್ಟಿದರೂ ಓಕೆ, ಒಳಗೆ ಏನಿರಲಿ ಬಿಡಲಿ ಓಕೆ. ಮುಂದಿನ ವಾರ ಕೈಲಾಸ್ ಬೆನ್ನು ತಟ್ಟಿ, ‘ಸಖತ್ ಕೆಲಸ ಗುರು, ಒಂದ್ ಮೆಸೇಜೂ ಇಲ್ಲ’ ಎಂದಿದ್ದ. ಆ ಗುರು ಎಂಬ ಮಾತನ್ನು ಬಸವಂತ ಮನೆಗೆ ಹೋಗುವ ಬಸ್ಸಿನಲ್ಲಿ ಮತ್ತೆ ಮತ್ತೆ ನೆನೆದುಕೊಂಡು ಖುಷಿಪಟ್ಟಿದ್ದ.

ಗುರು, ಮಗಾ, ಸಖತ್. ಈ ಮಾತುಗಳನ್ನು ಅವನು ಕಷ್ಟಪಟ್ಟು ಕಲಿತಿದ್ದ. ಬಿಟಿಎಂ ಲೇಔಟಿನ ಬಾಡಿಗೆ ಮನೆಯ ಮೆಟ್ಟಿಲು ಇಳಿಯುವಾಗ ನಾಲಿಗೆಯನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ತಿರುಗಿಸಿಕೊಂಡರೆ ಮತ್ತೆ ಮನೆ ಹತ್ತುವವರೆಗೂ ಅದು ಹಾಗೇ ಇರಬೇಕು. ಅದು ಜಾರುತ್ತಿದ್ದದ್ದು ದಿನಕ್ಕೆ ಒಂದೇ ಸಲ, ಊಟದ ಹೊತ್ತಿಗೆ ಮನೆಯಲ್ಲಿರುವ ತಾಯಿಗೆ ಫೋನು ಮಾಡುವಾಗ. ಮೊದಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದ. ಯಾರ ಮನಿಯಾಗ ಏನಾತು, ಮೊಣಕಾಲು ಹೆಂಗದಾವು, ನೀರು ಬಂತೇನು, ಎಲ್ಲ. ಒಂದು ದಿನ ಫೋನಿಟ್ಟು ತಿರುಗಿದರೆ ಶಿಲ್ಪಶ್ರೀ ಸ್ಟೇಪ್ಲರನ್ನು ಕಿವಿಗೆ ಹಿಡಿದುಕೊಂಡು, ‘ಊಟ ಆತೇನವ್ವಾ? ಹೆಂಗದೀ?’ ಎಂದು ರಾಗ ಎಳೆಯುತ್ತಿದ್ದಳು. ಸುತ್ತಲಿನ ಕುರ್ಚಿಗಳೆಲ್ಲ ನಗುತ್ತಿದ್ದವು. ಅವಳಿಗೇನೂ ದ್ವೇಷವಿರಲಿಲ್ಲ, ‘ಕೇಳೋಕೆ ಎಷ್ಟ್ ಮುದ್ದಾಗಿದೆ ಬಸವಂತ್’ ಎಂದೂ ಸೇರಿಸಿದಳು. ಅಂದಿನಿಂದ ಬಸವಂತ ರಿಸೀವರಿಗೆ ಅಂಗೈ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ, ಒಂದೇ ಮಾತು ಪಿಸುಗುಟ್ಟತೊಡಗಿದ. ‘ಊಟ ಆತೇನವ್ವಾ?’ ಆ ಕಡೆಯಿಂದ ಶಿವವ್ವ, ‘ಆತಪಾ. ನಿಂದಾತೇನು?’ ‘ಆತು.’ ಮುಗಿಯಿತು. ದಿನವೂ ಅದೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ದೊಡ್ಡದೊಂದು ಕರ್ತವ್ಯ ಇಷ್ಟು ಚಿಕ್ಕದರಲ್ಲಿ ಮುಗಿಯುವುದು ಒಳ್ಳೆಯದೇ ಎಂದು ಅವನಿಗೆ ಅನ್ನಿಸಿತ್ತು.

‘ದರ್ಶಿನಿಯಾಗ ಮೂರು ಕೌಂಟರ್ ಅದಾವ ಅಂತ ತಿಳಿ,’ ಎಂದು ಒಮ್ಮೆ ಹೆಂಡತಿ ಜಯಾಗೆ ತನ್ನ ಕೆಲಸ ವಿವರಿಸಿದ್ದ. ‘ಮುಂದ ಒಬ್ಬಾಂವ ನಿಂತು ಬಂದವರಿಗೆ ನೀ ಇಲ್ಲಿ ಹೋಗು, ನೀ ಅಲ್ಲಿ ಹೋಗು ಅಂತಾನ. ಎಲ್ಲಿ ಸಾಲು ಕಡಿಮಿ ಐತಿ ಅಲ್ಲಿ ಕಳಸ್ತಾನ. ನಡುನಡುವ ಕೌಂಟರ್ ತಟ್ಟಿ, ಅದೀಯೇನೋ ಅಂತ ಕೇಳ್ತಾನ. ಅದೀನಿ ಅಂದ್ರ ಜನ ಕಳಸ್ತಾನ.’ ರೊಟ್ಟಿ ತಟ್ಟುತ್ತಿದ್ದ ಜಯಾ ಕೇಳಿದ್ದಳು, ‘ಅದೀನಿ ಅಂದ್ರ ಮುಗೀತೇನು?’ ‘ಮುಗೀತು.’ ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಇದೇ ಅಡುಗೆಮನೆಯಲ್ಲಿ ನಿಂತು ಅವಳು ಹೇಳಿದ ಬೇರೆ ಮಾತುಗಳೂ ಇದ್ದವು. ‘ಅತ್ತಿ ಹಾಲು ಒಲಿ ಮ್ಯಾಲ ಇಟ್ಟು ಹೋಗಿ ಮಲಗಿಬಿಟ್ಟಿದ್ರು.’ ‘ಅತ್ತಿ ನಿನ್ನೆ ನನಗ, ನೀ ಯಾರ ಮಗಳವಾ ಅಂದ್ರು ರೀ.’ ‘ಚಾಷ್ಟಿ ಮಾಡಿರಬೇಕು ತಗೋ’ ಎಂದಿದ್ದ ಬಸವಂತ. ಅವಳು ಮತ್ತೆ ಹೇಳಿದಳು, ಇನ್ನೊಂದು ಸಲ ಹೇಳಿದಳು. ಕೊನೆಗೊಂದು ದಿನ ಅವನಿಗೆ ರೇಗಿ, ‘ದಿನಾ ಒಂದ ರಾಗ ಹಾಡಬ್ಯಾಡ ನೀ. ನಾ ಫೋನ್ ಮಾಡಿದಾಗ ಎಷ್ಟು ಚಂದ ಮಾತಾಡ್ತಾಳ!’ ಎಂದು ಕೂಗಿದ. ಅಂದಿನಿಂದ ಜಯಾ ಆ ವಿಷಯ ಎತ್ತಲಿಲ್ಲ. ಮನೆಯಲ್ಲಿ ಎಷ್ಟು ನೆಮ್ಮದಿಯಾಯಿತು.

ಆ ನೆಮ್ಮದಿಯ ಮೇಲೆಯೇ ಅವನು ಈ ಸೋಮವಾರದ ತೀರ್ಮಾನ ಮಾಡಿದ್ದ. ಚಿಕ್ಕಲಸಂದ್ರದ ಶಾಲೆಯೊಂದರಲ್ಲಿ ಜಯಾಗೆ ಟೀಚರ್ ಕೆಲಸ ಸಿಕ್ಕಿತ್ತು. ಸಂಜೆಯವರೆಗೆ ಶಿವವ್ವ ಒಬ್ಬಳೇ ಇರಬೇಕು. ‘ಅತ್ತಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ನನಗ ಧೈರ್ಯ ಇಲ್ಲ. ಬ್ಯಾಡ ಅಂತ ಹೇಳಿಬಿಡ್ತೀನಿ’ ಎಂದಿದ್ದಳು ಜಯಾ. ‘ನಾ ದಿನಾ ಫೋನ್ ಮಾಡ್ತೀನಲ್ಲ. ಏನರ ಆದ್ರ ಗೊತ್ತಾಗೂದಿಲ್ಲೇನು?’ ಎಂದು ಅವನೇ ಒಪ್ಪಿಸಿದ. ಅವಳು ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಊಟ ಮುಚ್ಚಿಟ್ಟು, ಒಳಗಿನಿಂದ ಗ್ರಿಲ್ ಬಾಗಿಲಿಗೆ ಚಿಲಕ ಹಾಕಿಕೊಳ್ಳಲು ಅತ್ತೆಗೆ ಹೇಳಿಕೊಟ್ಟು ಹೋಗುತ್ತಿದ್ದಳು. ಇಂದಿಗೆ ಮೂರನೆಯ ದಿನ. ನಿನ್ನೆಯೂ ಮೊನ್ನೆಯೂ ಅವನು ಫೋನು ಮಾಡಿದ್ದ. ಆತಪಾ, ನಿಂದಾತೇನು, ಆತು. ಎಲ್ಲ ಸರಿಯಾಗಿತ್ತು.

‘ಬಸವಂತ್, ಒಂದ್ ನಿಮಿಷ,’ ಶಿಲ್ಪಶ್ರೀ ಗಾಜಿನ ಬಾಗಿಲಿನಿಂದ ತಲೆ ಹಾಕಿದಳು. ‘ಒಬ್ರು ಅಳ್ತಿದಾರೆ ಕಣ್ರೀ. ರಾಯಚೂರಿಗೆ ಹೋಗ್ಲೇಬೇಕಂತೆ. ಬೆಳಿಗ್ಗೆಯಿಂದ ಎಷ್ಟ್ ಸಲ ಒತ್ತಿದ್ರೂ ಬಿಳೀ ಪೇಜೇ ಬರ್ತಿದೆಯಂತೆ. ನಮ್ದೇ ಏನೋ ತೊಂದ್ರೆ ಇರ್ಬೋದು, ಒಂದ್ಸಲ ನೋಡಿ ಪ್ಲೀಸ್.’ ಬಸವಂತ ಮೊದಲ ಬಾರಿಗೆ ಚುಕ್ಕೆಗಳಿಂದ ಕಣ್ಣು ತೆಗೆದ. ಬ್ಯಾಲೆನ್ಸರನ್ನು ಬದಿಗಿಟ್ಟು, ಸಾಮಾನ್ಯ ಪ್ರಯಾಣಿಕನ ಹಾಗೆ ನೇರವಾಗಿ ಮೊದಲ ಸರ್ವರಿಗೆ ಹೋಗಿ ಒಂದು ಸೀಟು ಕೇಳಿದ, ಕೊಟ್ಟಿತು. ಎರಡನೆಯದೂ ಕೊಟ್ಟಿತು. ಮೂರನೆಯದಕ್ಕೆ ಹೋಗಿ ಕೇಳಿದ. ಬಿಳಿಯ ಹಾಳೆ. ಮತ್ತೆ ಕೇಳಿದ. ಬಿಳಿಯ ಹಾಳೆ, ಅದೂ ಕಣ್ಣು ಮುಚ್ಚಿ ತೆರೆಯುವಷ್ಟು ಬೇಗ. ಕಳೆದ ವಾರ ಡೇಟಾಬೇಸಿನ ಪಾಸ್‌ವರ್ಡು ಬದಲಿಸಿದಾಗ ಮೊದಲ ಎರಡರಲ್ಲಿ ಹೊಸದನ್ನು ಹಾಕಿ, ಮೂರನೆಯದರಲ್ಲಿ ಹಾಕುವುದನ್ನು ಅವನು ಮರೆತಿದ್ದ. ಅಂದಿನಿಂದ ಅದಕ್ಕೆ ಒಳಗಿನ ಯಾವುದೂ ನೆನಪಿಗೆ ಸಿಗುತ್ತಿರಲಿಲ್ಲ. ಬಸ್ಸು ಗೊತ್ತಿಲ್ಲ, ಊರು ಗೊತ್ತಿಲ್ಲ, ಸೀಟು ಗೊತ್ತಿಲ್ಲ. ಆದರೆ ಬ್ಯಾಲೆನ್ಸರು ಬಂದು ತಟ್ಟಿ, ಇದ್ದೀಯಾ ಎಂದು ಕೇಳಿದಾಗಲೆಲ್ಲ, ಓಕೆ. ತಟ್ಟಿದಾಗಲೆಲ್ಲ ಓಕೆ. ಇನ್ನೂ ಭಯಂಕರವಾದದ್ದು ಆಮೇಲೆ ಹೊಳೆಯಿತು. ಏನೂ ಕೊಡದ ಕೌಂಟರಿನ ಮುಂದೆ ಸಾಲು ನಿಲ್ಲುವುದಿಲ್ಲ. ಸಾಲಿಲ್ಲದ ಕಡೆಗೇ ಬ್ಯಾಲೆನ್ಸರು ಹೆಚ್ಚು ಜನರನ್ನು ಕಳಿಸುತ್ತದೆ. ಕೆಲಸ ಮಾಡುವ ಎರಡನ್ನು ಬಿಟ್ಟು, ಸತ್ತಿದ್ದ ಮೂರನೆಯದರ ಬಾಗಿಲಿಗೇ ಅದು ಇಷ್ಟು ದಿನ ಜನರನ್ನು ಅಟ್ಟುತ್ತಿತ್ತು. ದಸರೆ ಬಂದು ಜನ ಹೆಚ್ಚಾದ ಮೇಲೆ ಕೂಗು ಕೇಳಿಸಿತು, ಅಷ್ಟೇ.

ಅವನು ಹಳೆಯ ಪುಟವನ್ನು ಹುಡುಕಿ ಮತ್ತೆ ಅದರ ಜಾಗದಲ್ಲಿಟ್ಟ, ಒಳಗೆ ಹೋಗಿ ಪ್ರಶ್ನೆ ಕೇಳಿ ಬರುವಂಥದ್ದನ್ನು. ಮೂರನೆಯ ಚುಕ್ಕೆ ಒಮ್ಮೆ ಮಿಟುಕಿ ಕೆಂಪಾಯಿತು. ಕೈಲಾಸನ ಕೋಣೆಯಲ್ಲಿ ಮೊಬೈಲು ಟಿಣ್ ಎಂದಿತು. ‘ಏನಾಯ್ತ್ರೀ?’ ಎಂದು ಕೈಲಾಸ್ ಹೊರಗೆ ಬಂದ. ‘ಮೂರನೇದು ಸತ್ತಿತ್ತು ಸಾರ್. ವಾರದಿಂದ.’ ‘ವಾರದಿಂದ? ಗ್ರೀನ್ ತೋರಿಸ್ತಿತ್ತಲ್ರೀ!’ ‘ಅದಕ್ಕೆ ಬೇರೆ ಏನೂ ಹೇಳೋಕೆ ಬರ್ತಿರ್ಲಿಲ್ಲ ಸಾರ್. ನಾನೇ ಹಾಗೆ ಮಾಡಿಟ್ಟಿದ್ದೆ.’ ಬೈಗುಳ ಬರುತ್ತದೆ ಎಂದು ಬಸವಂತ ಭುಜ ಕುಗ್ಗಿಸಿ ಕಾದ. ಕೈಲಾಸ್ ಬೈಯಲಿಲ್ಲ, ಬಾಗಿ ಆ ಕೆಂಪು ಚುಕ್ಕೆಯನ್ನು ನೋಡಿದ. ಗಲಾಟೆ ಮಾಡುತ್ತಿದ್ದ ಫೋನುಗಳು ಒಂದೊಂದಾಗಿ ಸುಮ್ಮನಾಗತೊಡಗಿದವು. ಕೆಂಪಾದದ್ದರ ಕಡೆಗೆ ಬ್ಯಾಲೆನ್ಸರು ಇನ್ನು ಯಾರನ್ನೂ ಕಳಿಸುವುದಿಲ್ಲ; ಜನರಿಗೆ ಸೀಟು ಸಿಗುತ್ತಿರಬೇಕು. ಶಿಲ್ಪಶ್ರೀ ನಿಟ್ಟುಸಿರು ಬಿಟ್ಟು, ಅವನನ್ನು ಹಗುರ ಮಾಡಲೆಂದೋ ಏನೋ, ‘ಇವತ್ತು ಅಮ್ಮನಿಗೆ ಫೋನ್ ಮಾಡ್ಲಿಲ್ವಾ ಬಸವಂತ್? ಊಟದ ಹೊತ್ತಾಯ್ತು’ ಎಂದಳು.

ಅವನು ರಿಸೀವರ್ ಎತ್ತಿದ. ಅಭ್ಯಾಸಬಲದಿಂದ ಅಂಗೈ ಬಾಯಿಗೆ ಅಡ್ಡ ಬಂತು, ಮುಖ ಗೋಡೆಗೆ ತಿರುಗಿತು. ಆ ಕಡೆ ಶಿವವ್ವ ಎತ್ತಿ ಹಲೋ ಎಂದಳು. ಬಾಯಿಗೆ ಬಂದ ಮಾತನ್ನು ಬಸವಂತ ಯಾಕೆ ನುಂಗಿಕೊಂಡನೋ ಅವನಿಗೇ ತಿಳಿಯದು. ಕಣ್ಣೆದುರಿನ ಪರದೆಯ ಮೇಲೆ ಆ ಕೆಂಪು ಚುಕ್ಕೆ ಇನ್ನೂ ಇತ್ತು. ‘ಮಳಿ ಬಂತೇನವ್ವಾ ಅಲ್ಲಿ?’ ಎಂದು ಕೇಳಿದ.

‘ಆತಪಾ. ನಿಂದಾತೇನು?’

ಬಸವಂತ ಇನ್ನೊಂದು ಕೇಳಿದ. ‘ಯವ್ವಾ, ಜಯಾ ಯಾವಾಗ ಹೋದಳು?’

‘ಆತಪಾ,’ ಎಂದಳು ಶಿವವ್ವ, ಅದೇ ಅಕ್ಕರೆಯಿಂದ, ದಿನದ ಅದೇ ದನಿಯಲ್ಲಿ. ‘ನಿಂದಾತೇನು?’

ಮೆಟ್ಟಿಲು ಇಳಿದದ್ದು, ಕೈಲಾಸ್ ಹಿಂದಿನಿಂದ ಕರೆದದ್ದು, ಆಟೋ ಹತ್ತಿದ್ದು ಅವನಿಗೆ ಸರಿಯಾಗಿ ನೆನಪಿಲ್ಲ. ಆಟೋದವನು ‘ಬಿಟಿಎಂ ಎಲ್ಲಿ ಸಾರ್?’ ಎಂದು ಎರಡು ಸಲ ಕೇಳಿದ. ಜಯದೇವ ಸರ್ಕಲ್ಲಿನ ಹತ್ತಿರ ವಾಹನಗಳೆಲ್ಲ ನಿಂತುಬಿಟ್ಟಿದ್ದವು. ಇರಲಿಕ್ಕಿಲ್ಲ, ಫೋನಿನಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಅಷ್ಟೇ ಇರಬೇಕು. ಒಂದೇ ಸೂರಿನ ಕೆಳಗಿದ್ದು ತನಗೆ ತಿಳಿಯದೆ ಇರುತ್ತದೆಯೇ? ಅವನು ಮನೆ ಬಿಡುವಾಗ ತಾಯಿ ಎದ್ದಿರುವುದಿಲ್ಲ, ಸಂಜೆ ಬಂದಾಗ ಮಂಚದ ಮೇಲೆ ಕೂತಿರುತ್ತಾಳೆ, ‘ಬಂದೇನಪಾ’ ಎನ್ನುತ್ತಾಳೆ. ಅನ್ನುತ್ತಾಳಲ್ಲ! ಅವನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಗ ಅದರ ಹಿಂದಿನ ಮಾತೂ ಜೊತೆಗೇ ಬಂತು. ಪ್ರತಿ ಸಂಜೆ ಅವನು ಚಪ್ಪಲಿ ಬಿಡುವಾಗ ಜಯಾ ಅವನಿಗಿಂತ ಮುಂದಾಗಿ ಒಳಗೆ ಹೋಗಿ, ‘ಅತ್ತಿ, ನಿಮ್ಮ ಮಗ ಬಂದ್ರು ನೋಡ್ರಿ’ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಸೊಸೆ ಅತ್ತೆಗೆ ತೋರುವ ಸಲಿಗೆ ಎಂದುಕೊಂಡಿದ್ದ. ಅದು ಯಾವಾಗಿನಿಂದ ಶುರುವಾಯಿತು? ಅವನು ಕೂಗಿ ಜಯಾಳ ಬಾಯಿ ಮುಚ್ಚಿಸಿದ ಮೇಲೆಯೇ ಅಲ್ಲವೇ? ಅಯ್ಯೋ ಜಯಾ, ಬಿಡದೆ ಹೇಳಬೇಕಿತ್ತು ನೀನು, ನಾನು ಹೊಡೆದರೂ ಹೇಳಬೇಕಿತ್ತು ಎಂದುಕೊಂಡ. ಆ ತಪ್ಪನ್ನೂ ಅವಳ ತಲೆಗೇ ಕಟ್ಟುತ್ತಿದ್ದೇನೆ ಎಂದು ಮರುಕ್ಷಣ ತಿಳಿಯಿತು.

ಕೆಳಗಿನ ಮನೆಯ ಓನರ್ ನಾರಾಯಣಮ್ಮ ತುಳಸಿಗೆ ನೀರು ಹಾಕುತ್ತಿದ್ದರು. ‘ಏನ್ ಸಾರ್, ಇಷ್ಟ್ ಬೇಗ? ಅಮ್ಮ ಚೆನ್ನಾಗಿದಾರೆ. ಈಗ ತಾನೇ ಕೆಳಗಿಂದ ಕೂಗಿ ಕೇಳ್ದೆ, ಊಟ ಆತು ಅಂದ್ರು’ ಎಂದರು. ಅವನು ಮೆಟ್ಟಿಲು ಹತ್ತಿದ. ಗ್ರಿಲ್ಲಿನ ಒಳಗಿನಿಂದ ಚಿಲಕ ಹಾಕಿತ್ತು. ಶಿವವ್ವ ಮಂಚದ ಮೇಲೆ ಕೂತು ಸೀರೆಯ ಅಂಚನ್ನು ಮಡಿಸುತ್ತಿದ್ದಳು. ಹಣೆಯ ವಿಭೂತಿ, ಎಣ್ಣೆ ಹಚ್ಚಿ ಬಾಚಿದ ತಲೆ, ಏನೂ ಆಗಿರಲಿಲ್ಲ. ಬಸವಂತನಿಗೆ ಎಲ್ಲಿಲ್ಲದ ಸಂತೋಷವಾಯಿತು. ‘ಯವ್ವಾ’ ಎಂದ.

ಶಿವವ್ವ ತಲೆಯೆತ್ತಿ ನೋಡಿದಳು. ನೋಡಿ, ಮೆಲ್ಲಗೆ ಎದ್ದು ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪರ ಗಂಡಸರು ಬಂದಾಗ ಅವಳು ಯಾವಾಗಲೂ ಹಾಗೆ ಮಾಡುತ್ತಿದ್ದಳು. ಚಿಕ್ಕವನಿದ್ದಾಗ ಶಾಲೆಯ ಮಾಸ್ತರರು ಮನೆಗೆ ಬಂದಾಗ, ಬಳೆಗಾರ ಬಂದಾಗ, ತಹಶೀಲ್ದಾರರ ಜವಾನ ಬಂದಾಗ ಆ ಸೆರಗು ಹೀಗೆ ಮೇಲೇರುವುದನ್ನು ಅವಳ ಮೊಣಕಾಲಿಗೆ ಆತುಕೊಂಡು ಅವನು ಕೆಳಗಿನಿಂದ ನೋಡಿದ್ದ. ಇತ್ತ ಕಡೆಯಿಂದ ಎಂದೂ ನೋಡಿರಲಿಲ್ಲ.

‘ಯಾರು ಬೇಕಾಗಿತ್ರಿ?’

‘ಯವ್ವಾ, ನಾನು. ಬಸೂ. ಬಾಗಲಾ ತಗಿ.’

‘ಬಸೂ ಆಫೀಸಿಗೆ ಹೋಗ್ಯಾನ್ರಿ,’ ಎಂದಳು ಮರ್ಯಾದೆಯಿಂದ. ‘ಸಂಜಿಗೆ ಬರ್ತಾನ. ಆವಾಗ ಬರ್ರಿ.’

‘ನಾನ ಬಸೂ, ಯವ್ವಾ. ನೋಡು, ನನ್ನ ಮಾರಿ ನೋಡು.’ ಅವನು ಕಂಬಿಗಳಿಗೆ ಮುಖ ಒತ್ತಿದ. ಶಿವವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದೆ, ಟೀಪಾಯಿಯ ಮೇಲೆ ಜಯಾ ಬೆಳಿಗ್ಗೆ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು. ಫೋನಿಟ್ಟ ಸ್ಟೂಲಿನ ಕೆಳಗೆ ಹಳೆಯ ಸೀರೆ ತುಂಡಿನ ಗಂಟು. ಅದರ ಬಾಯಿ ಸಡಿಲವಾಗಿ ಒಣಗಿ ಸುರುಟಿದ ರೊಟ್ಟಿಗಳು ಕಾಣುತ್ತಿದ್ದವು, ನಿನ್ನೆಯವು, ಮೊನ್ನೆಯವು. ಆತಪಾ, ಆತಪಾ. ಎರಡು ದಿನ ಅವನು ಈ ಮಾತು ಕೇಳಿ, ಫೋನಿಟ್ಟು, ಆಫೀಸಿನ ಪಕ್ಕದ ಮೆಸ್ಸಿಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದ. ಬಾಗಿಲು ಒದೆಯಲೇ? ನಾರಾಯಣಮ್ಮನನ್ನು ಕೂಗಲೇ? ಒದ್ದರೆ ಅವಳು ಹೆದರುತ್ತಾಳೆ. ‘ಅತ್ತಿ, ನಿಮ್ಮ ಮಗ ಬಂದ್ರು ನೋಡ್ರಿ’ ಎಂದು ಹೇಳುವವಳು ಚಿಕ್ಕಲಸಂದ್ರದಲ್ಲಿ ಯಾರದೋ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ತಾನು ಬಸವಂತನೆಂದು ಹೇಳಲು ಈ ಬಾಗಿಲಲ್ಲಿ ಅವನ ಪಾಲಿಗೆ ಬೇರೆ ಯಾರೂ ಇರಲಿಲ್ಲ.

ಅವನು ಜೇಬಿನಿಂದ ಮೊಬೈಲು ತೆಗೆದು ಮನೆಯ ನಂಬರು ಒತ್ತಿದ. ಒಳಗೆ ಫೋನು ಹೊಡೆದುಕೊಂಡಿತು. ಶಿವವ್ವನ ಮುಖ ಒಮ್ಮೆಲೇ ಅರಳಿತು. ಬಾಗಿಲಲ್ಲಿ ನಿಂತವನನ್ನು ಮರೆತು ಲಗುಬಗೆಯಿಂದ ಹೋಗಿ ಎತ್ತಿ, ಎರಡೂ ಕೈಯಿಂದ ಕಿವಿಗೆ ಹಿಡಿದುಕೊಂಡಳು. ತಲೆಯ ಮೇಲಿನ ಸೆರಗು ಜಾರಿತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಅವನು ಬಾಯಿಗೆ ಅಂಗೈ ಅಡ್ಡ ಹಿಡಿಯಲಿಲ್ಲ. ಕೆಳಗಿನ ಮನೆಗೂ ಬೀದಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದ: ‘ಊಟ ಆತೇನವ್ವಾ?’

‘ಆತಪಾ,’ ಎಂದಳು ಶಿವವ್ವ, ಮುಟ್ಟದ ತಟ್ಟೆಯ ಪಕ್ಕದಲ್ಲೇ ನಿಂತು. ‘ನಿಂದಾತೇನು?’

ಅವನು ಮೊಬೈಲು ಕಿವಿಗಿಟ್ಟುಕೊಂಡೇ ಕಂಬಿಗೆ ಹಣೆ ಒತ್ತಿದ. ಅವಳು ಬಾಗಿಲ ಕಡೆ ಓರೆಯಾಗಿ ನೋಡಿ, ರಿಸೀವರಿಗೆ ಅಂಗೈ ಅಡ್ಡ ಹಿಡಿದು ದನಿ ತಗ್ಗಿಸಿದಳು.

‘ಬಸೂ, ಬಾಗಲದಾಗ ಯಾರೋ ಒಬ್ಬಾಂವ ಬಂದು ನಿಂತಾನ. ಸುಮ್ಮನ ಅಳಾಕತ್ತಾನ. ನನಗ ಅಂಜಿಕಿ ಬರಾಕತ್ತೈತಪಾ. ನೀ ಲಗೂನ ಮನಿಗೆ ಬಾ.’